ಸುಣ್ಣದ ಚುಕ್ಕೆ

ಅಮೆರಿಕದಲ್ಲಿರುವ ನನ್ನ ಅಕ್ಕನ ಮಗ ಹೋದ ಸಲ ಗೋಕಾಕಕ್ಕೆ ಬಂದಾಗ, ಊಟವಾದ ಮೇಲೆ ಬಣ್ಣಬಣ್ಣದ ದಪ್ಪ ಪುಸ್ತಕವೊಂದನ್ನು ಹರವಿಕೊಂಡು ಕುಳಿತ. ಸೀರೆ ಅಂಗಡಿಯ ಪುಸ್ತಕವೇನೋ ಎಂದು ಇಣುಕಿದರೆ ಪುಟ ತುಂಬ ಕರಿಯ ಕೊಳವೆಗಳು! ಬಂದೂಕಿನ ಮೇಲೆ ಕೂಡಿಸುವ ದುರ್ಬೀನುಗಳಂತೆ. ಅಲ್ಲಿ ಪರವಾನಗಿ ಪಡೆದು ಜಿಂಕೆ ಬೇಟೆಗೆ ಹೋಗುತ್ತಾರೆ. ಅನೇಕ ರಾಜ್ಯಗಳಲ್ಲಿ ಹೊತ್ತು ಮುಳುಗಿದ ಮೇಲೂ ಅರ್ಧ ತಾಸು ಗುಂಡು ಹಾರಿಸಲು ಕಾನೂನು ಬಿಡುತ್ತದೆ. ಜಿಂಕೆ ಮೇಯಲು ಹೊರಬೀಳುವುದೂ ಆ ಹೊತ್ತಿಗೇ.

"ಚಿಗವ್ವಾ, ಆ ಅರ್ಧ ತಾಸಿನ್ಯಾಗ ಯಾವುದು ಛಲೋ ಕಾಣಸ್ತದೋ ಅದನ್ನ ಆರಿಸ್ಬೇಕು ನೋಡು" ಎಂದ.

ಅಡಿಗೆಮನೆಯ ಕೆಲಸ ಮುಗಿದಿತ್ತು. ಕೇಳುತ್ತ ಕುಳಿತೆ. ಕೊಳವೆಯ ಮೇಲೆ 8×56 ಎಂದು ಬರೆದಿದ್ದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಮುಂದಿನ ಗಾಜಿನ ಅಗಲ 56 ಮಿಲಿಮೀಟರ್ ಎಂದು ಅರ್ಥ. ಐವತ್ತಾರನ್ನು ಎಂಟರಿಂದ ಭಾಗಿಸಿದರೆ ಏಳು. ಹಿಂದಿನ ಗಾಜಿನಿಂದ ಕಣ್ಣಿಗೆ ಬರುವ ಬೆಳಕಿನ ದಪ್ಪ ಅಷ್ಟು. ಕತ್ತಲಲ್ಲಿ ಹರೆಯದವರ ಕಣ್ಣಪಾಪೆ ಸುಮಾರು ಏಳು ಮಿಲಿಮೀಟರ್ ಹಿಗ್ಗುತ್ತದೆ. ನನ್ನಂಥ ವಯಸ್ಸಾದವರದು ಐದರ ಆಸುಪಾಸಿಗೆ ನಿಂತುಬಿಡುತ್ತದೆ. ಅಂದರೆ ದೊಡ್ಡ ಗಾಜಿಗೆ ನಾನು ದುಡ್ಡು ಸುರಿದರೂ ಹೆಚ್ಚಿನ ಬೆಳಕು ಪಾಪೆಯ ಹೊರಗೇ ಉಳಿಯುತ್ತದೆ. ಗಾಜು ಅಷ್ಟೇ ಇಟ್ಟು ಹಿಗ್ಗಿಸುವುದನ್ನಷ್ಟೇ ಹೆಚ್ಚು ಮಾಡಿದರೆ ಚಿತ್ರ ಮಸುಕಾಗುತ್ತದೆ, ಒಂದೇ ಬಟ್ಟಲು ಚಹಾ ಹತ್ತು ಮಂದಿಗೆ ಹಂಚಿದಂತೆ.

ಗಾಜಿನ ಮೇಲಿನ ಲೇಪವೂ ಮುಖ್ಯವಂತೆ. ಬರಿಯ ಗಾಜಿನ ಪ್ರತಿ ಮೈಯಲ್ಲೂ ನೂರಕ್ಕೆ ನಾಲ್ಕೈದು ಪಾಲು ಬೆಳಕು ಹಿಂದಕ್ಕೆ ಚಿಮ್ಮಿಹೋಗುತ್ತದೆ. ಒಳಗೆ ನಾಲ್ಕು ಗಾಜಿದ್ದರೆ ಮೈಗಳು ಎಂಟು; ಮೂರರಲ್ಲೊಂದು ಪಾಲು ಬೆಳಕು ಹೋದಂತೆಯೇ. 1935ರಲ್ಲಿ ಜರ್ಮನಿಯ ಝೈಸ್ ಕಂಪನಿಯ ಸ್ಮಾಕುಲಾ ಎಂಬ ವಿಜ್ಞಾನಿ ಇದನ್ನು ತಡೆಯುವ ತೆಳುಲೇಪ ಕಂಡುಹಿಡಿದ. ಇನ್ನು ಒಳಗಿನ ಗುರಿಗೆರೆ. ಕೂದಲಿನಷ್ಟು ಸಣ್ಣದಿದ್ದರೆ ಮುಚ್ಚಂಜೆಯಲ್ಲಿ ಕರಿಯ ಪ್ರಾಣಿಯ ಮೇಲೆ ಕಾಣಿಸುವುದೇ ಇಲ್ಲ. ಅದಕ್ಕೇ ದಪ್ಪ ಗೆರೆಯದನ್ನೋ, ನಡುವೆ ಕೆಂಪು ಚುಕ್ಕೆ ಹೊಳೆಯುವುದನ್ನೋ ಆರಿಸುತ್ತಾರೆ.

ಚುಕ್ಕೆ ಎಂದದ್ದೇ ತಡ, ನನಗೆ ಆಯಿಯ ಸುಣ್ಣದ ಡಬ್ಬಿ ನೆನಪಾಯಿತು.

ನನ್ನ ತವರಿನ ಹೊಲ ಮೂಡಲಗಿ ಕಡೆಗೆ. ಈಗ ಮೂಡಲಗಿಯೇ ಒಂದು ತಾಲೂಕು. ಆಗ ಗೋಕಾಕ ತಾಲೂಕಿನಲ್ಲಿತ್ತು. ಅಜ್ಜನ ಹತ್ತಿರ ಬೆಳೆ ಕಾಯಲೆಂದು ಪರವಾನಗಿ ಪಡೆದ, ಬಾಯಿಂದ ಮದ್ದು ತುಂಬುವ ಬಂದೂಕಿತ್ತು. ನಳಿಗೆಯ ತುದಿಯಲ್ಲಿ ಜೋಳದ ಕಾಳಿನಷ್ಟು ಹಿತ್ತಾಳೆಯ ಗುರಿ. ಸಂಜೆ ಅದು ಕಾಣುತ್ತಿರಲಿಲ್ಲ. ಹೊಲಕ್ಕೆ ಹೊರಡುವ ಮುಂಚೆ ಅಜ್ಜ ಆಯಿಯ ಎಲೆಯಡಿಕೆ ಚೀಲದಿಂದ ಡಬ್ಬಿ ಈಸಿಕೊಂಡು, ಬೆರಳ ತುದಿಯಿಂದ ಅದಕ್ಕೊಂದು ಸುಣ್ಣದ ಚುಕ್ಕೆ ಇಡುತ್ತಿದ್ದ. ಇಂಗ್ಲಂಡಿನವರು ಭಾರಿ ರೈಫಲ್ಲುಗಳ ತುದಿಗೆ ಬೇಕಾದಾಗ ಎತ್ತಿ ನಿಲ್ಲಿಸುವ ದಂತದ ಬಿಳಿ ಗುರಿ ಕೂಡಿಸಿ, ಅದನ್ನು ಚಂದ್ರನ ಹೆಸರಿನಿಂದ ಕರೆಯುತ್ತಿದ್ದರು. ಅಜ್ಜನದೂ ಅದೇ ಬುದ್ಧಿ, ಖರ್ಚಿಲ್ಲದ್ದು.

ಬಂದೂಕಿಗೊಂದು ಕಾಗದ ಬೇಕೆಂಬುದು ನಮ್ಮ ಕಡೆ ಸಣ್ಣ ಮಾತಲ್ಲ. ಮೂಡಲಗಿಯಿಂದ ಪೂರ್ವಕ್ಕೆ, ಮುಧೋಳ ಸಂಸ್ಥಾನದಲ್ಲಿದ್ದ ಹಲಗಲಿಯ ಬೇಡರು 1857ರಲ್ಲಿ ತಿರುಗಿಬಿದ್ದದ್ದೇ ಇದಕ್ಕಾಗಿ. ಹತಾರ ಒಪ್ಪಿಸಿ, ಇಲ್ಲವೇ ಪರವಾನಗಿ ಪಡೆಯಿರಿ ಎಂದು ಕಂಪನಿ ಸರಕಾರ ಹೇಳಿತು. ಬೇಟೆ, ಕಾವಲು ಇವೇ ಬದುಕಾದವರು ಕೊಡಲಿಲ್ಲ. ನವೆಂಬರ್ ಕೊನೆಗೆ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ ಮುಧೋಳ ಮತ್ತು ಹಲಗಲಿಯಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು. ಆ ಲಾವಣಿಯನ್ನು ಬರೆಸಿಕೊಂಡು ಅಚ್ಚುಹಾಕಿಸಿದವನೂ ಒಬ್ಬ ಇಂಗ್ಲಿಷ್ ಅಧಿಕಾರಿಯೇ, ಫ್ಲೀಟ್ ಸಾಹೇಬ. ಮುಂದೆ 1878ರ ಕಾಯಿದೆ ಬಂತು, ಅದರ ಕೆಳಗೆ ಅಜ್ಜನ ಕಾಗದ. ಅಜ್ಜನಿಗೆ ಆ ಕಾಗದದ ಬಗ್ಗೆ ಬಂದೂಕಿಗಿಂತ ಹೆಚ್ಚಿನ ಹೆಮ್ಮೆ.

ನಾನಿನ್ನೂ ಹುಟ್ಟಿರಲಿಲ್ಲ. ಹಿಂಗಾರಿ ಜೋಳ ಸೀತನಿಗೆ ಬಂದ ದಿನಗಳು. ಹಂದಿಯ ಕಾಟ. ದೀಪ ಹಚ್ಚುವ ಹೊತ್ತಿಗೆ ಬದುವಿನಲ್ಲಿ ಕರಿಯದೇನೋ ತಗ್ಗಿ ಅಲುಗಾಡಿತು. ಅಜ್ಜನಿಗೆ ಬಿಳಿಯ ಚುಕ್ಕೆ ಚೆನ್ನಾಗಿ ಕಂಡಿತು. ಹೊಡೆದ.

ಅದು ಎಮ್ಮೆಗೆ ಹುಲ್ಲು ಕೊಯ್ಯಲು ಬಂದಿದ್ದ ಪಕ್ಕದ ಓಣಿಯ ಹೆಣ್ಣುಮಗಳು. ಉಟ್ಟದ್ದು ಕಡುಗೆಂಪು ಇಳಕಲ್ ಸೀರೆ. ಬೆಳಕು ಕುಂದಿದಂತೆ ಮೊದಲು ಮಸುಕಾಗುವುದು ಕೆಂಪು. ನೀಲಿ ಹಸಿರು ಇನ್ನೂ ಕಾಣುವಾಗಲೇ ಅದು ಕರಿಯದಾಗಿರುತ್ತದೆ. ಪುರ್ಕಿನ್ಯೆ ಎಂಬ ಚೆಕ್ ವಿಜ್ಞಾನಿ 19ನೇ ಶತಮಾನದ ಮೊದಲ ಭಾಗದಲ್ಲೇ ಇದನ್ನು ಬರೆದಿಟ್ಟ. ಮೂಡಲಗಿಯ ಹೊಲದಲ್ಲಿ ಅದನ್ನು ಓದಿದವರು ಯಾರಿದ್ದರು?

ಜೀವ ಉಳಿಯಿತು. ತೊಡೆಯಲ್ಲಿ ಹೊಕ್ಕ ಗುಂಡಿನಿಂದ ಎಡಗಾಲು ಕುಂಟಾಯಿತು. ಪಂಚರು ಕೂತು, ಇಷ್ಟು ಜೋಳ ಇಷ್ಟು ರೊಕ್ಕ ಎಂದು ಅವಳ ಗಂಡನೊಡನೆ ಮಾತು ಮುಗಿಸಿದರು. ಅವಳನ್ನು ಯಾರೂ ಏನೂ ಕೇಳಲಿಲ್ಲ. ಈ ಮಾತು ನನ್ನನ್ನು ಇಂದಿಗೂ ಚುಚ್ಚುತ್ತದೆ. ಅಜ್ಜ ಬಂದೂಕನ್ನು ಠಾಣೆಗೆ ಒಪ್ಪಿಸಿ ಬಂದ. ಆಯಿ ಎಲೆಯಡಿಕೆ ಬಿಟ್ಟಳು. ಯಾಕೆ ಎಂದು ಅವ್ವ ಕೇಳಿದ್ದಕ್ಕೆ, "ಸುಣ್ಣ ಕೊಟ್ಟಾಕಿ ನಾನs ಅಲ್ಲೇನ ಯವ್ವಾ" ಎಂದಳಂತೆ. ಪ್ರತಿ ಸುಗ್ಗಿಗೆ ಆ ಮನೆಗೆ ಜೋಳ ಕಳಿಸುವಾಗ ಆಳಿನ ಕೈಗೆ ಕೊಡದೆ ತಾನೇ ಹೊತ್ತುಕೊಂಡು ಹೋಗುತ್ತಿದ್ದಳು. ನಾನೂ ಒಮ್ಮೆ ಜೊತೆಗೆ ಹೋಗಿದ್ದೇನೆ. ಅವರಿಬ್ಬರೂ ಕಟ್ಟೆಯ ಮೇಲೆ ಕೂತು ಮಕ್ಕಳು ಮರಿ ಎಮ್ಮೆ ಎಂದು ಮಾತಾಡಿದರೇ ಹೊರತು ಕಾಲಿನ ಸುದ್ದಿ ಎತ್ತಲಿಲ್ಲ.

ಇದನ್ನು ಕೇಳಿ ಅಕ್ಕನ ಮಗ ಪುಸ್ತಕ ಮಡಿಚಿಟ್ಟ. ಈಗ ಮೈಯ ಬಿಸಿಯನ್ನೇ ತೋರಿಸುವ ಯಂತ್ರಗಳೂ ಬಂದಿವೆ ಎಂದ. ಹಂದಿಯ ಮೈಯೂ ಬಿಸಿ, ಹೆಂಗಸಿನ ಮೈಯೂ ಬಿಸಿ ಅಲ್ಲವೇನೋ ಎಂದೆ. ನಕ್ಕ, ಪೂರಾ ನಗಲಿಲ್ಲ.

1972ರ ವನ್ಯಜೀವಿ ಕಾಯಿದೆಯ ಮೇಲೆ ನಮ್ಮಲ್ಲಿ ಅವನ ಕೊಳವೆಗೆ ಕೆಲಸವಿಲ್ಲ. ಆದರೆ ಹೋಗುವ ಮುಂಚೆ ಅದೇ ಲೆಕ್ಕ ಹಾಕಿ ನನಗೊಂದು ಕೈದುರ್ಬೀನು ತರಿಸಿಕೊಟ್ಟ, 8×42. ಭಾಗಿಸಿದರೆ ಐದೂಕಾಲು, ನನ್ನ ಕಣ್ಣಿಗೆ ತಕ್ಕದ್ದು. ಗೋಕಾಕಕ್ಕೂ ಹುಕ್ಕೇರಿಗೂ ನಡುವೆ, ಧೂಪದಾಳದ ಒಡ್ಡಿನ ಹಿನ್ನೀರಿನಲ್ಲಿ ಘಟಪ್ರಭಾ ಪಕ್ಷಿಧಾಮವಿದೆ. 1974ರಲ್ಲಿ ಘೋಷಿಸಿದ್ದು, ಸುಮಾರು 30 ಚದರ ಕಿಲೋಮೀಟರ್. ಚಳಿಗಾಲದಲ್ಲಿ ಕೊಕ್ಕರೆಗಳ ಜೊತೆ ದೂರದೇಶದ ಕ್ರೌಂಚಗಳೂ ಬರುತ್ತವೆ. ಹುಕ್ಕೇರಿಯ ಅತ್ತೆಮನೆಗೆ ಹೋಗಿ ಬರುವಾಗ ಸಂಜೆ ಅಲ್ಲಿ ಇಳಿದುಬಿಡುತ್ತೇನೆ.

ಮೊನ್ನೆ ಹಕ್ಕಿಗಳೆಲ್ಲ ನೀರಿಗಿಳಿದ ಮೇಲೆ ಆಚೆ ದಂಡೆಯಲ್ಲಿ ಕರಿಯದೊಂದು ತಗ್ಗಿ ಏಳುತ್ತಿತ್ತು. ದುರ್ಬೀನು ಹಿಡಿದೆ. ಎಂಥ ಗಾಜೂ ಇದ್ದ ಬೆಳಕಿಗಿಂತ ಹೆಚ್ಚಿನದನ್ನು ತರಲಾರದು. ದೊಡ್ಡದಾಗಿ ಕಂಡರೂ ಕರಿಯದಾಗಿಯೇ ಕಂಡಿತು. ಕೈ ಇಳಿಸದೆ ಕಾದೆ. ಅದು ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಹುಲ್ಲಿನ ಹೊರೆಯನ್ನು ತಲೆಗೇರಿಸಿತು.