ಹಿಡನ್ ಫೈಲ್‌ಗಳು ಮತ್ತು ಫೈಲ್ ಗುಣಲಕ್ಷಣಗಳು

ಡಿಸ್ಕಿನಲ್ಲಿ ಇದ್ದೂ ಸಾಮಾನ್ಯ ಪಟ್ಟಿಯಲ್ಲಿ ಕಾಣಿಸದ ಫೈಲನ್ನು ಹಿಡನ್ ಫೈಲ್ ಎನ್ನುತ್ತಾರೆ. ‘ಇದನ್ನು ಬಿಟ್ಟು ಉಳಿದದ್ದನ್ನು ತೋರಿಸು’ ಎಂದು ಪಟ್ಟಿ ಮಾಡುವ ಪ್ರೋಗ್ರಾಮಿಗೆ ಕೊಟ್ಟ ಸೂಚನೆ ಅದು. ಹೆಸರು ಗೊತ್ತಿದ್ದು ಅನುಮತಿಯೂ ಇದ್ದರೆ ಯಾವ ಪ್ರೋಗ್ರಾಮ್ ಬೇಕಾದರೂ ಅದನ್ನು ತೆರೆದು ಓದಬಹುದು. ಈ ಸೂಚನೆಯನ್ನು ಎಲ್ಲಿ ಬರೆದಿಡಬೇಕು ಎಂಬಲ್ಲಿ ಆಪರೇಟಿಂಗ್ ಸಿಸ್ಟಂಗಳ ದಾರಿ ಕವಲೊಡೆಯುತ್ತದೆ. ಯುನಿಕ್ಸ್ ಮನೆತನದಲ್ಲಿ ಅದು ಫೈಲಿನ ಹೆಸರಿನಲ್ಲೇ ಇದೆ. ಡಾಸ್ ಮತ್ತು ವಿಂಡೋಸ್‌ನಲ್ಲಿ ಹೆಸರಿನ ಹೊರಗೆ, ಒಂದು ಬಿಟ್‌ನಲ್ಲಿ ಇದೆ. ಕೋಡ್ ಬರೆಯುವವರಿಗೆ ಎದುರಾಗುವ ತೊಡಕುಗಳಲ್ಲಿ ಬಹುಪಾಲು ಇಲ್ಲಿಂದಲೇ ಹುಟ್ಟುತ್ತವೆ.

ಯುನಿಕ್ಸ್‌ನ ರೂಢಿಯನ್ನು ಯಾರೂ ಯೋಚಿಸಿ ರೂಪಿಸಿದ್ದಲ್ಲ. ಬೆಲ್ ಲ್ಯಾಬ್ಸ್‌ನಲ್ಲಿ ದುಡಿದ ರಾಬ್ ಪೈಕ್ 2012ರಲ್ಲಿ ಅದರ ಹುಟ್ಟನ್ನು ವಿವರಿಸಿದರು. ಪ್ರತಿ ಡೈರೆಕ್ಟರಿಯಲ್ಲೂ ಎರಡು ವಿಶೇಷ ನಮೂದುಗಳಿರುತ್ತವೆ: ಒಂದು ಚುಕ್ಕೆ ಎಂದರೆ ಅದೇ ಡೈರೆಕ್ಟರಿ, ಎರಡು ಚುಕ್ಕೆ ಎಂದರೆ ಅದರ ಮೇಲಿನದು. ಇವು ಎಲ್‌ಎಸ್ ಆದೇಶದ ಪಟ್ಟಿಯಲ್ಲಿ ಬರಬಾರದೆಂದು, ಹೆಸರಿನ ಮೊದಲ ಅಕ್ಷರ ಚುಕ್ಕೆಯಾಗಿದ್ದರೆ ದಾಟಿ ಹೋಗುವ ಸಣ್ಣ ಪರೀಕ್ಷೆಯೊಂದನ್ನು ಹಾಕಿದರು. ಪೂರ್ತಿ ಹೆಸರನ್ನು ಹೋಲಿಸದೆ ಮೊದಲ ಅಕ್ಷರವನ್ನಷ್ಟೇ ನೋಡಿದ್ದರಿಂದ, ಚುಕ್ಕೆಯಿಂದ ಶುರುವಾಗುವ ಫೈಲುಗಳೆಲ್ಲ ಮರೆಯಾದವು. ಮುಂದೆ ಪ್ರೋಗ್ರಾಮುಗಳು ತಮ್ಮ ಸೆಟ್ಟಿಂಗ್ ಫೈಲುಗಳನ್ನು ಚುಕ್ಕೆಯ ಹೆಸರಿನಲ್ಲಿ ಇಡತೊಡಗಿದವು. ಇದು ಕೆಟ್ಟ ಮೇಲ್ಪಂಕ್ತಿಯಾಯಿತು ಎಂಬುದು ಪೈಕ್ ಅವರ ನಿಲುವು, ಅದು ಸರಿಯೂ ಹೌದು.

ಲಿನಕ್ಸ್ ಕರ್ನಲ್‌ಗೆ ಈ ಚುಕ್ಕೆಯ ರೂಢಿ ಇಂದಿಗೂ ಗೊತ್ತಿಲ್ಲ. ಪಾಲಿಸುವುದೂ ಬಿಡುವುದೂ ಆಯಾ ಸಾಧನದ ಇಷ್ಟ. ಪೈಥಾನ್ ಒಂದರಲ್ಲೇ ಎರಡು ನಡವಳಿಕೆ ಕಾಣಬಹುದು. ಓಎಸ್ ಮಾಡ್ಯೂಲಿನ ಲಿಸ್ಟ್‌ಡಿರ್ ಚುಕ್ಕೆಯ ಫೈಲುಗಳನ್ನೂ ಕೊಡುತ್ತದೆ. ಗ್ಲಾಬ್ ಮಾಡ್ಯೂಲಿನ ನಕ್ಷತ್ರ ಚಿಹ್ನೆ ಅವನ್ನು ಬಿಡುತ್ತದೆ. ಸೇರಿಸಿಕೊಳ್ಳುವ ಆಯ್ಕೆ ಬಂದದ್ದು 3.11ನೇ ಆವೃತ್ತಿಯಲ್ಲಿ. ಪಾತ್‌ಲಿಬ್‌ನ ಗ್ಲಾಬ್ ಮಾತ್ರ ಅದೇ ನಕ್ಷತ್ರಕ್ಕೆ ಚುಕ್ಕೆಯ ಫೈಲುಗಳನ್ನೂ ಹಿಡಿದು ತರುತ್ತದೆ. ಬ್ಯಾಷ್‌ನ ನಕ್ಷತ್ರವೂ ಚುಕ್ಕೆಯ ಹೆಸರುಗಳನ್ನು ಬಿಡುತ್ತದೆ. ಅದನ್ನು ಹಾಕಿ ಪ್ರಾಜೆಕ್ಟ್ ನಕಲು ಮಾಡಿದಾಗ ಡಾಟ್ ಗಿಟ್ ಫೋಲ್ಡರ್ ಹಿಂದೆಯೇ ಉಳಿಯುವುದು ಈ ಕಾರಣಕ್ಕೆ. ಅದರ ಜೊತೆ ಪ್ರಾಜೆಕ್ಟಿನ ಇತಿಹಾಸವೂ ಉಳಿದುಬಿಡುತ್ತದೆ.

ಇನ್ನೊಂದು ದಾರಿ ಸಿಪಿ/ಎಂ ಎಂಬ ಹಳೆಯ ಆಪರೇಟಿಂಗ್ ಸಿಸ್ಟಂ ಕಾಲದ್ದು. 1979ರ ಅದರ 2.0 ಆವೃತ್ತಿ ಫೈಲ್ ವಿಸ್ತರಣೆಯ ಮೂರು ಅಕ್ಷರಗಳಲ್ಲಿ ಬಳಕೆಯಾಗದೆ ಉಳಿದ 8ನೇ ಬಿಟ್‌ಗಳನ್ನು ಗುಣಲಕ್ಷಣಕ್ಕೆ ಬಳಸಿಕೊಂಡಿತು. ಡಾಸ್ ಅದಕ್ಕೆಂದೇ ಒಂದು ಬೈಟ್ ಮೀಸಲಿಟ್ಟಿತು. ಅದರ ಫ್ಯಾಟ್ ಫೈಲ್ ವ್ಯವಸ್ಥೆಯಲ್ಲಿ ಒಂದು ಫೈಲಿನ ನಮೂದು 32 ಬೈಟ್. ಮೊದಲ 11 ಬೈಟ್ ಹೆಸರಿಗೆ, 12ನೆಯದು ಗುಣಲಕ್ಷಣಕ್ಕೆ. ಓದಲು ಮಾತ್ರ ಎಂಬುದಕ್ಕೆ 1, ಹಿಡನ್‌ಗೆ 2, ಸಿಸ್ಟಂಗೆ 4, ವಾಲ್ಯೂಮ್ ಹೆಸರಿಗೆ 8, ಡೈರೆಕ್ಟರಿಗೆ 16, ಆರ್ಕೈವ್‌ಗೆ 32. ಹೊಸದಾಗಿ ಬರೆದ ಫೈಲಿನಲ್ಲಿ ಸಾಮಾನ್ಯವಾಗಿ 32 ಇರುತ್ತದೆ, ಅಂದರೆ ಬ್ಯಾಕಪ್ ಬಾಕಿ. ಅದನ್ನು ಮರೆಮಾಡಲು ಬೈಟ್ 34 ಆಗಬೇಕು. ಬರಿ 2 ಬರೆದರೆ ಫೈಲ್ ಮರೆಯಾಗುತ್ತದೆ, ಆದರೆ ಆರ್ಕೈವ್ ಬಿಟ್ ಅಳಿದು, ಅದನ್ನು ನಂಬಿದ ಬ್ಯಾಕಪ್ ಪ್ರೋಗ್ರಾಮ್ ಆ ಫೈಲನ್ನು ಕೈಬಿಡುತ್ತದೆ. ಹಾಗಾಗಿ ಮೊದಲು ಇರುವುದನ್ನು ಓದಿ, ಬೇಕಾದ ಬಿಟ್ಟನ್ನು ‘ಆರ್’ ಕ್ರಿಯೆಯಿಂದ ಸೇರಿಸಿ, ಆಮೇಲೆ ಬರೆಯಬೇಕು.

ಇದೇ ಬೈಟ್ ವಿಂಡೋಸ್ 95ರಲ್ಲಿ ಜಾಣ ಉಪಾಯವೊಂದಕ್ಕೆ ನೆರವಾಯಿತು. ಉದ್ದ ಹೆಸರುಗಳನ್ನು ಹೆಚ್ಚುವರಿ ನಮೂದುಗಳಲ್ಲಿಟ್ಟು, ಅವುಗಳ ಗುಣಲಕ್ಷಣಕ್ಕೆ 15 ಎಂದು ಬರೆದರು: 1, 2, 4, 8 ಎಲ್ಲವೂ ಒಟ್ಟಿಗೆ. ನಿಜವಾದ ಫೈಲಿಗೆ ಎಂದೂ ಬಾರದ ಈ ಕೂಟವನ್ನು ಹಳೆಯ ಡಾಸ್ ಪ್ರೋಗ್ರಾಮುಗಳು ಕಂಡೂ ಕಾಣದಂತೆ ದಾಟಿ ಹೋದವು. ಅಂಥ ಒಂದು ನಮೂದಿನಲ್ಲಿ ತಲಾ 2 ಬೈಟಿನ 13 ಯೂನಿಕೋಡ್ ಸಂಕೇತ ಹಿಡಿಸುತ್ತವೆ. ‘ಕರ್ನಾಟಕ’ ಎಂಬ ಹೆಸರು ಕಣ್ಣಿಗೆ ನಾಲ್ಕು ಅಕ್ಷರವಾದರೂ ಒತ್ತು, ಕಾಗುಣಿತ ಸೇರಿ 7 ಸಂಕೇತ. ಒಂದೇ ನಮೂದು ಸಾಕು. ಫ್ಯಾಟ್ ವ್ಯವಸ್ಥೆಯ ಪೆನ್‌ಡ್ರೈವ್‌ನಲ್ಲಿ ಕನ್ನಡದ ಫೈಲ್ ಹೆಸರು ಕೂರುವುದು ಹೀಗೆ ಮರೆಮಾಡಿದ ನಮೂದಿನಲ್ಲೇ.

ವಿಂಡೋಸ್ ಎಪಿಐನಲ್ಲಿ ಈ ಕೆಲಸಕ್ಕೆ ಗೆಟ್‌ಫೈಲ್‌ಆಟ್ರಿಬ್ಯೂಟ್ಸ್, ಸೆಟ್‌ಫೈಲ್‌ಆಟ್ರಿಬ್ಯೂಟ್ಸ್ ಇವೆ. ಮೊದಲನೆಯದರಲ್ಲಿ ಒಂದು ಬಲೆ ಇದೆ. ಫೈಲೇ ಇಲ್ಲದಿದ್ದಾಗ ಅದು 32 ಬಿಟ್‌ಗಳನ್ನೂ 1 ಮಾಡಿ ಮರಳಿಸುತ್ತದೆ. ವಿಫಲವಾಯಿತೇ ಎಂದು ನೋಡದೆ ಹಿಡನ್ ಬಿಟ್ಟನ್ನಷ್ಟೇ ಪರೀಕ್ಷಿಸುವ ಕೋಡಿಗೆ ಇಲ್ಲದ ಫೈಲ್ ‘ಮರೆಯಲ್ಲಿದೆ’ ಎಂದು ತೋರುತ್ತದೆ. ಎರಡನೆಯ ಬಲೆ ಬರೆಯುವಾಗ. ಈಗಾಗಲೇ ಹಿಡನ್ ಆಗಿರುವ ಫೈಲನ್ನು ಪೈಥಾನ್‌ನಲ್ಲಿ ‘ಡಬ್ಲ್ಯೂ’ ವಿಧಾನದಲ್ಲಿ ತೆರೆದರೆ, ಮಾಲೀಕರಿಗೂ ಅನುಮತಿ ಇಲ್ಲವೆಂಬ ದೋಷ ಬರುತ್ತದೆ. ಹಳೆಯದನ್ನು ಅಳಿಸಿ ಹೊಸದಾಗಿ ಸೃಷ್ಟಿಸುವ ಕೋರಿಕೆಯಲ್ಲಿ ಹಿಡನ್ ಗುಣವನ್ನು ಹೇಳಿಲ್ಲದಿರುವುದೇ ಕಾರಣ. ‘ಆರ್ ಪ್ಲಸ್’ನಲ್ಲಿ ತೆರೆದು, ಒಳಗಿನದನ್ನು ಟ್ರಂಕೇಟ್ ಮಾಡಿ ಬರೆದರೆ ಕೆಲಸ ಸಾಗುತ್ತದೆ.

ಹಿಡನ್ ಮತ್ತು ಸಿಸ್ಟಂ ಬಿಟ್‌ಗಳನ್ನು ಒಟ್ಟಿಗೆ ಹಾಕಿದರೆ, ‘ಹಿಡನ್ ಫೈಲ್ ತೋರಿಸು’ ಎಂಬ ಆಯ್ಕೆಯೊಂದಕ್ಕೇ ಫೈಲ್ ಎಕ್ಸ್‌ಪ್ಲೋರರ್ ಬಗ್ಗುವುದಿಲ್ಲ. ಪೆನ್‌ಡ್ರೈವ್ ವೈರಸ್‌ಗಳು ಇದನ್ನೇ ಬಳಸಿಕೊಂಡವು: ಫೋಲ್ಡರುಗಳಿಗೆ ಎರಡೂ ಬಿಟ್ ಹಾಕಿ, ಅದೇ ಹೆಸರಿನ ಶಾರ್ಟ್‌ಕಟ್‌ಗಳನ್ನು ಎದುರಿಗಿಟ್ಟವು. ಫೈಲೆಲ್ಲ ಅಳಿಸಿಹೋಯಿತೆಂದು ಡ್ರೈವ್ ಫಾರ್ಮ್ಯಾಟ್ ಮಾಡಿದರೆ ಇದ್ದದ್ದೂ ಹೋಗುತ್ತದೆ. ವೈರಸ್ ತೆಗೆದ ಮೇಲೆ ಆಟ್ರಿಬ್ ಆದೇಶದಿಂದ ಆ ಬಿಟ್‌ಗಳನ್ನು ಕಳಚಿದರೆ ಫೋಲ್ಡರುಗಳು ಇದ್ದಲ್ಲೇ ಸಿಗುತ್ತವೆ.

ಮ್ಯಾಕ್ ಎರಡೂ ಪದ್ಧತಿಯನ್ನು ಇಟ್ಟುಕೊಂಡಿದೆ. ಚುಕ್ಕೆಯ ಜೊತೆಗೆ ಸಿಎಚ್‌ಫ್ಲ್ಯಾಗ್ಸ್ ಆದೇಶದಿಂದ ಹಾಕುವ ಹಿಡನ್ ಫ್ಲ್ಯಾಗೂ ಉಂಟು. 2011ರ ಲಯನ್ ಆವೃತ್ತಿಯಿಂದ ಬಳಕೆದಾರರ ಲೈಬ್ರರಿ ಫೋಲ್ಡರ್ ಮರೆಯಾದದ್ದು ಅದರಿಂದ. ಜಾವಾದ ಈಸ್‌ಹಿಡನ್ ಆಯಾ ವ್ಯವಸ್ಥೆಯ ರೂಢಿ ನೋಡಿ ಉತ್ತರಿಸುತ್ತದೆ. ಡಾಟ್‌ನೆಟ್ ಕೂಡ ಲಿನಕ್ಸ್‌ನಲ್ಲಿ ಚುಕ್ಕೆಯ ಹೆಸರನ್ನು ಹಿಡನ್ ಗುಣವೆಂದೇ ತೋರಿಸುತ್ತದೆ. ಡಾಟ್‌ನೆಟ್‌ನಲ್ಲಿ ಎನ್ಯೂಮರೇಷನ್‌ಆಪ್ಷನ್ಸ್ ಹೊಸದಾಗಿ ರಚಿಸಿ ಹುಡುಕಿದರೆ, ಹೇಳದಿದ್ದರೂ ಹಿಡನ್ ಮತ್ತು ಸಿಸ್ಟಂ ಫೈಲುಗಳು ಬಿಟ್ಟುಹೋಗುತ್ತವೆ.

ವ್ಯವಸ್ಥೆಯ ಗಡಿ ದಾಟುವಾಗ ಈ ಸೂಚನೆ ಉಳಿಯುವ ಭರವಸೆಯಿಲ್ಲ. ವಿಂಡೋಸ್‌ನ ಹಿಡನ್ ಫೈಲನ್ನು ಲಿನಕ್ಸ್‌ನ ಡಿಸ್ಕಿಗೆ ನಕಲು ಮಾಡಿದರೆ ಬಿಟ್ ಬಿದ್ದುಹೋಗಿ ಫೈಲ್ ಬಯಲಿಗೆ ಬರುತ್ತದೆ. ಸಾಂಬಾ ಸರ್ವರ್ ಮೂಲಕ ಹೋದರೆ ಬಿಟ್ ಉಳಿಯಬಹುದು, ಏಕೆಂದರೆ ಅದು ಡಾಸ್ ಗುಣಗಳನ್ನು ಫೈಲಿನ ವಿಸ್ತೃತ ಗುಣಲಕ್ಷಣದಲ್ಲಿ ಬರೆದಿಡಬಲ್ಲದು. ಲಿನಕ್ಸ್‌ನ ಚುಕ್ಕೆ ಫೈಲ್ ವಿಂಡೋಸ್‌ನಲ್ಲಿ ಎಲ್ಲರ ಕಣ್ಣಿಗೂ ಕಾಣುತ್ತದೆ. ವಿಂಡೋಸ್‌ಗೆ ಬಂದ ಗಿಟ್ ತಾನಾಗಿ ಹಿಡನ್ ಬಿಟ್ ಹಾಕುವುದು ಡಾಟ್ ಗಿಟ್ ಫೋಲ್ಡರಿಗೆ ಮಾತ್ರ. ಉಳಿದ ಚುಕ್ಕೆ ಫೈಲುಗಳಿಗೂ ಬೇಕೆಂದರೆ ಸೆಟ್ಟಿಂಗ್ ಬದಲಿಸಬೇಕು.