ಹೊಲಕ್ಕೆ ಸರಪಳಿ, ಮನೆಗೆ ಚಕ್ಕುಬಂದಿ

ಹಾವೇರಿ ಸೀಮೆಯಲ್ಲಿ ಹಳೆಯ ಮನೆ ಕೊಳ್ಳುವ ಮುನ್ನ ಮೋಜಣಿದಾರನನ್ನು ಕರೆಸಿದವರಿಗೆ ಒಂದು ವಿಚಿತ್ರ ಎದುರಾಗುತ್ತದೆ. ಊರಾಚೆಯ ಹೊಲದ ಅಳತೆ ಆಣೆಯವರೆಗೂ ದಫ್ತರದಲ್ಲಿರುತ್ತದೆ. ಊರೊಳಗಿನ ಮನೆಗೆ ನಕ್ಷೆಯೇ ಇಲ್ಲದಿರಬಹುದು.

ಇದರ ಮೂಲ ಬ್ರಿಟಿಷರ ಮೋಜಣಿಯಲ್ಲಿದೆ. 1835ರಲ್ಲಿ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್ ಆರಂಭಿಸಿದ ಪದ್ಧತಿ 1840ರ ದಶಕದಲ್ಲಿ ಧಾರವಾಡ ಜಿಲ್ಲೆಗೆ ಬಂತು. 33 ಅಡಿಯ ಸರಪಳಿ, ಅದರಲ್ಲಿ 16 ಆಣೆ. ಉದ್ದಕ್ಕೊಂದು ಸರಪಳಿ, ಅಗಲಕ್ಕೊಂದು ಸರಪಳಿ ಎಂದರೆ ಒಂದು ಗುಂಟೆ. 40 ಗುಂಟೆಗೆ ಎಕರೆ. ಕಂದಾಯ ಹುಟ್ಟುವುದು ಹೊಲದಲ್ಲಿ ತಾನೆ? ಜನವಸತಿಯ ಗಾವಠಾಣದ ಸುತ್ತ ಗೆರೆ ಎಳೆದು ಒಳಗಿನದನ್ನು ಹಾಗೇ ಬಿಟ್ಟರು. ಮನೆಗಳಿಗೆ ಖರೀದಿ ಪತ್ರದ ಚಕ್ಕುಬಂದಿಯೇ ಗತಿಯಾಯಿತು: ಪೂರ್ವಕ್ಕೆ ಇಂಥವರ ಹಿತ್ತಲು, ದಕ್ಷಿಣಕ್ಕೆ ಹುಣಸೆಮರ. ಮರ ಬಿದ್ದರೆ ಹದ್ದೂ ಹೋಯಿತು! ಹಣ ಎಣಿಸಿ ಕೊಟ್ಟ ಮೇಲೆ ಎರಡಡಿ ಜಾಗಕ್ಕೆ ಕೋರ್ಟು ಹತ್ತಬೇಕು.

ಹಳೆಯ ಕಾಗದ ಓದುವುದೂ ಒಂದು ಕಸುಬೇ. ಹಿರೇಕೆರೂರಿನ ಕಚೇರಿ ಅಂದು ಕೋಡ ತಾಲ್ಲೂಕಿನದು, ಶಿಗ್ಗಾಂವಿಯದು ಬಂಕಾಪುರ ತಾಲ್ಲೂಕಿನದು. ಹಾನಗಲ್ಲಿಗೆ ಮಾತ್ರ ತನ್ನದೇ ಹೆಸರು. ಸವಣೂರಂತೂ 1948ರವರೆಗೆ ನವಾಬರ ಸಂಸ್ಥಾನ.

ಸಿಟಿ ಸರ್ವೆ ನಡೆದ ಪಟ್ಟಣಗಳಲ್ಲಿ ಉತಾರ ಸಿಗುತ್ತದೆ. ಹಳ್ಳಿಗಳಿಗೆಂದು 2020ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಸ್ವಾಮಿತ್ವ ಯೋಜನೆ ತಂದಿತು. ಡ್ರೋನ್ ಚಿತ್ರದಿಂದ ಮನೆಮನೆಯ ನಕ್ಷೆ. ಆದರೆ ಡ್ರೋನ್‌ಗೆ ಕಾಣುವುದು ಮಾಳಿಗೆ. ಅಣ್ಣತಮ್ಮಂದಿರ ನಡುವಿನ ಗೋಡೆ ಯಾರದೆಂದು ಅದೇನು ಬಲ್ಲದು? ಹಾಗಾಗಿಯೇ ಅದು ಹಾರುವ ಮೊದಲು ಮಾಲೀಕರನ್ನು ನಿಲ್ಲಿಸಿಕೊಂಡು ಸುಣ್ಣದ ಗೆರೆ ಎಳೆಯುತ್ತಾರೆ.