ಲೆಡ್ಜರಿನಿಂದ ಗಣಕಯಂತ್ರಕ್ಕೆ

ನಮ್ಮ ಸಂಘದ ಹಿರಿಯರ ಪೆಟ್ಟಿಗೆಗಳಲ್ಲಿ ಸಿಂಡಿಕೇಟ್ ಬ್ಯಾಂಕಿನ ಹಳೆಯ ಪಾಸ್‌ಬುಕ್ಕು ಈಗಲೂ ಇದ್ದೀತು. 1925ರಲ್ಲಿ ಉಡುಪಿಯಲ್ಲಿ ಕೇವಲ 8,000 ರೂಪಾಯಿ ಬಂಡವಾಳದಿಂದ ಹುಟ್ಟಿ, 1928ರಿಂದ ಪಿಗ್ಮಿ ಯೋಜನೆಯಲ್ಲಿ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯನ್ನೂ ಕೂಡಿಸಿದ ಸಂಸ್ಥೆಯದು. ಆ ಎರಡಾಣೆಯನ್ನೂ ಗುಮಾಸ್ತನು ಕೈಯಿಂದಲೇ ಲೆಡ್ಜರಿಗೆ ಏರಿಸಬೇಕಾಗಿತ್ತು. ತಾಳೆಯಾಗದ ಒಂದು ರೂಪಾಯಿಗಾಗಿ ರಾತ್ರಿಯ ತನಕ ಕುಳಿತ ಕಥೆಯನ್ನು ಯಾವ ಬ್ಯಾಂಕಿನ ನಿವೃತ್ತರನ್ನು ಕೇಳಿದರೂ ಹೇಳುವರು.

ಯಂತ್ರ ಬಂದರೆ ಅನ್ನ ಹೋದೀತೆಂಬ ಭಯ ಅವರಿಗೆ ಸಹಜವೇ. 1983ರಲ್ಲಿ ನೌಕರರ ಸಂಘಗಳೊಡನೆ ಒಪ್ಪಂದವಾದ ಮೇಲೆಯೇ ಬಾಗಿಲು ತೆರೆಯಿತು. ಮರುವರ್ಷ ರಂಗರಾಜನ್ ಸಮಿತಿಯ ವರದಿ ಬಂದಿತು. ಶಾಖೆಗಳಿಗೆ ಬಂದ ಲೆಡ್ಜರ್ ಪೋಸ್ಟಿಂಗ್ ಯಂತ್ರದ ಮುಂದೆ ಕುಳಿತವರು ಹೊರಗಿನ ಪಂಡಿತರಲ್ಲ, ಅದೇ ಗುಮಾಸ್ತರು. ಗಣಕದ ಕೋಣೆಗೆ ಚಪ್ಪಲಿ ಕಳಚಿಯೇ ಒಳಗೆ ಹೋಗಬೇಕಾಗಿತ್ತಂತೆ. ದೇವರ ಕೋಣೆಗೂ ಅಷ್ಟು ತಂಪು ಇರಲಿಲ್ಲವೆಂದು ಹಿರಿಯರು ನಗುತ್ತಾರೆ!

2019ರಲ್ಲಿ ಸರಕಾರವು ವಿಲೀನವನ್ನು ಸಾರಿದಾಗ, ಕೆನರಾ ಬ್ಯಾಂಕು ಮತ್ತು ಸಿಂಡಿಕೇಟ್ ಬ್ಯಾಂಕು ಒಂದೇ ಬಗೆಯ ಗಣಕ ವ್ಯವಸ್ಥೆಯನ್ನು ಬಳಸುತ್ತಿದ್ದುದೂ ಗಣನೆಗೆ ಬಂದಿತು. ಹಿಂದೆ ಹೆದರಿಸಿದ ಯಂತ್ರವೇ ಈಗ ಜಾತಕ ಕೂಡಿಸಿತೆನ್ನಬೇಕು. 2020ರ ಏಪ್ರಿಲ್ 1ರಂದು ಉಡುಪಿಯ ಆ ಹೆಸರು ಮರೆಯಾಯಿತು. 2021ರ ಜುಲೈ 1ರಿಂದ ಹಣ ಕಳುಹಿಸುವ ಅದರ ಹಳೆಯ ಸಂಕೇತಗಳೂ ನಿಂತವು.

ನಾನು ಬೇರೊಂದು ಬ್ಯಾಂಕಿನ ಗುಮಾಸ್ತ. ಆದರೂ ಆ ವರ್ಷ ಧನಕವಡಿಯ ನಮ್ಮ ಮನೆಗೆ ಹೋಟೆಲಿನ ಹಿರಿಯರೊಬ್ಬರು ಪಾಸ್‌ಬುಕ್ಕು ಹಿಡಿದು ಬಂದು, “ಮಾರಾಯ, ಈ ನಂಬ್ರ ಇನ್ನು ನಡೆಯುವುದಿಲ್ಲವಂತೆ!” ಎಂದರು. ಹೊಸ ಸಂಕೇತವನ್ನು ಚೀಟಿಯಲ್ಲಿ ಬರೆದುಕೊಟ್ಟೆ. ಅವರು ಅದನ್ನು ಹಳೆಯ ಪಾಸ್‌ಬುಕ್ಕಿನೊಳಗೇ ಮಡಚಿಟ್ಟುಕೊಂಡರು.